ನಿಧಾನ ಎಲ್ಲಿದೆ ಅಂತ ಪ್ರೋಗ್ರಾಮೇ ಹೇಳಬೇಕು

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ನಾನು ಪೈಥಾನ್‌ನಲ್ಲಿ ಬರೆದುಕೊಟ್ಟ ಪ್ರೋಗ್ರಾಮಿಗೆ ಬಟನ್, ಮೆನು ಏನೂ ಇಲ್ಲ. ಟರ್ಮಿನಲ್‌ನಲ್ಲಿ ಒಂದು ಕಮಾಂಡ್ ಹೊಡೆದರೆ ಆ ದಿನದ ಲಾಟ್‌ಗಳ (ಮಾರಾಟಕ್ಕೆ ಬಂದ ಮಾಲಿನ ಗುಂಪುಗಳ) ಫೈಲ್ ಓದುತ್ತದೆ, ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಹಾಕುತ್ತದೆ, ತೂಕ-ದರ ಲೆಕ್ಕ ಮಾಡಿ ರೈತರ ಪಟ್ಟಿ, ಅಂದರೆ ಅವರವರ ಲೆಕ್ಕದ ಚೀಟಿ, ತಯಾರಿಸುತ್ತದೆ. ಹುಬ್ಬಳ್ಳಿಯಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಇದೆಲ್ಲ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಮೆಣಸಿನಕಾಯಿ ಸೀಸನ್ ಏರಿ, ಕಡ್ಡಿ, ಡಬ್ಬಿ ಜಾತಿಯ ಮೆಣಸಿನಕಾಯಿ ಚೀಲಗಳು ಮಾರುಕಟ್ಟೆ ತುಂಬಿದಾಗ ಅಂಗಡಿಯ ಗುಮಾಸ್ತರ ಫೋನ್ ಬಂತು: “ಸರ್ರ, ಫೈಲ್ ಹಾಕಿದ್ರ ಲಗೂನ ಮುಗಿಯಂಗಿಲ್ರಿ. ರೈತರು ಪಟ್ಟಿ ಕೊಡ್ರಿ ಅಂತ ಮುಂದ ನಿಂತಾರ.”

ಇಂಥ ಹೊತ್ತಿನಲ್ಲಿ “ಮಷಿನ್ ಹಳೇದು, ರ‍್ಯಾಮ್ ಜಾಸ್ತಿ ಹಾಕಿಸಿ” ಅಂದುಬಿಡೋದು ಸುಲಭ. ಸುಮ್ನೆ ಊಹೆ ಮಾಡಿ ಬೇರೆಯವರ ದುಡ್ಡು ಖರ್ಚು ಮಾಡಿಸೋದು ನನಗೆ ಸರಿ ಅನಿಸುವುದಿಲ್ಲ. ಅದಕ್ಕೇ ಪ್ರೋಗ್ರಾಮ್ ಬರೆಯುವಾಗಲೇ ಅದರೊಳಗೆ ಟ್ರೇಸ್ ಇಟ್ಟಿದ್ದೆ, ಅಂದರೆ ತಾನು ಏನು ಮಾಡುತ್ತಿದ್ದೇನೆ ಅಂತ ಪ್ರೋಗ್ರಾಮೇ ಬರೆದಿಡುವ ವ್ಯವಸ್ಥೆ.

ಈ ಪದ್ಧತಿಯನ್ನು ನಾನು ಕಲಿತದ್ದು ಗಿಟ್‌ನಿಂದ, ಅಂದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಪ್ರೋಗ್ರಾಮಿನಿಂದ. ಗಿಟ್ ಟ್ರೇಸ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) 1 ಕೊಟ್ಟರೆ, ಒಳಗೆ ಏನೇನು ನಡೆಯುತ್ತಿದೆ ಅಂತ ಅದು ಸ್ಟ್ಯಾಂಡರ್ಡ್ ಎರರ್‌ಗೆ, ಅಂದರೆ ತಪ್ಪು-ಸೂಚನೆಗಳು ಹೊರಬರುವ ಬೇರೆ ದಾರಿಗೆ, ಬರೆಯುತ್ತದೆ. 1ರ ಬದಲು ಒಂದು ಫೈಲಿನ ಪೂರ್ತಿ ಪಾಥ್ ಕೊಟ್ಟರೆ ಆ ಫೈಲಿನ ಕೊನೆಗೆ ಸೇರಿಸುತ್ತ ಹೋಗುತ್ತದೆ. ಗಿಟ್ ಟ್ರೇಸ್ ಪರ್ಫಾರ್ಮೆನ್ಸ್ ಅನ್ನುವುದು ಬೇರೆ ಇದೆ. ಅದು ಎಷ್ಟು ಹೊತ್ತು ಹಿಡಿಯಿತು ಅಂತ ಹೇಳುತ್ತದೆ. 2019ರಲ್ಲಿ ಬಂದ 2.22ನೇ ಆವೃತ್ತಿಯಿಂದ ಟ್ರೇಸ್2 ಕೂಡ ಇದೆ. ಅದರಲ್ಲಿ ಕಾಲಂಗಳಾಗಿ ಕಣ್ಣಿಂದ ಓದುವ ರೂಪವೂ ಸಿಗುತ್ತದೆ, ಬೇರೆ ಪ್ರೋಗ್ರಾಮುಗಳು ಓದುವ ಜೇಸನ್ ರೂಪ ಕೂಡ ಸಿಗುತ್ತದೆ. ನನ್ನ ಪುಟ್ಟ ಪ್ರೋಗ್ರಾಮಿಗೆ ಅಷ್ಟೆಲ್ಲ ಬೇಡ. ಒಂದು ವೇರಿಯಬಲ್, 1 ಅಥವಾ ಪಾಥ್, ಅಷ್ಟೇ ಸಾಕಾಯಿತು. ಕೋಡ್ ಮುಟ್ಟದೆ ಗುಮಾಸ್ತರೇ ಅದನ್ನು ಆನ್ ಮಾಡಬಹುದು. ದೂರದಲ್ಲಿ ಕೂತು ಸಪೋರ್ಟ್ ಕೊಡುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಟ್ರೇಸ್ ಸ್ಟ್ಯಾಂಡರ್ಡ್ ಎರರ್‌ಗೇ ಹೋಗಬೇಕು. ನನ್ನ ಪಟ್ಟಿ ಸ್ಟ್ಯಾಂಡರ್ಡ್ ಔಟ್‌ಪುಟ್‌ನಿಂದ (ಫಲಿತಾಂಶ ಹೊರಬರುವ ಮಾಮೂಲಿ ದಾರಿ) ಪೈಪ್ ಮೂಲಕ ನೇರ ಪ್ರಿಂಟರ್‌ಗೆ ಹೋಗುತ್ತದೆ. ಟ್ರೇಸ್ ಸಾಲುಗಳೂ ಅದರಲ್ಲೇ ಸೇರಿದರೆ ರೈತರ ಕೈಗೆ ಸಿಗುವ ಪಟ್ಟಿಯಲ್ಲಿ ಮಿಲಿಸೆಕೆಂಡುಗಳು ಅಚ್ಚಾಗುತ್ತವೆ.

ಹೊತ್ತು ಅಳೆಯಲು ಗೋಡೆ ಗಡಿಯಾರದಂಥ ಸಮಯವನ್ನು ನಂಬಬೇಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಹೋಗಿತ್ತು. ನೆಟ್ ಬಂದ ಕೂಡಲೇ ಟೈಮ್ ಒಮ್ಮೆಲೇ ಮುಂದೆ ಹಾರುತ್ತಿತ್ತು. ಆ ಹೊತ್ತಿನಲ್ಲಿ ಪೈಥಾನಿನ ಟೈಮ್ ಡಾಟ್ ಟೈಮ್ ಬಳಸಿ ಅಳೆದರೆ ಅರ್ಥವಿಲ್ಲದ ಲೆಕ್ಕ ಬರುತ್ತದೆ. ಕಳೆದ ಹೊತ್ತನ್ನಷ್ಟೇ ಎಣಿಸುವ ಪೈಥಾನಿನ ಪರ್ಫ್ ಕೌಂಟರ್ ಹಿಂದೆ ಮುಂದೆ ಜಿಗಿಯುವುದಿಲ್ಲ, ಹಾಗಾಗಿ ಅದನ್ನೇ ಬಳಸಿದೆ. ತಾರೀಕು, ವೇಳೆಯನ್ನು ಟ್ರೇಸಿನ ಮೊದಲ ಸಾಲಿನಲ್ಲಿ ಒಮ್ಮೆ ಬರೆದರೆ ಸಾಕು.

ಪ್ರತಿ ಹಂತಕ್ಕೂ ಒಂದು ಸಾಲು: ಹಂತದ ಹೆಸರು, ಎಷ್ಟು ಸಲ ನಡೆಯಿತು, ಒಟ್ಟು ಎಷ್ಟು ಹೊತ್ತು. ‘ಎಷ್ಟು ಸಲ’ ಅನ್ನುವ ಕಾಲಂ ಬಿಡಲೇಬೇಡಿ. ಬ್ಯಾಡಗಿಯಿಂದ ಬಂದ ಟ್ರೇಸ್ ಬಾಯಿಬಿಟ್ಟದ್ದು ಆ ಕಾಲಂನಿಂದಲೇ. ಫೈಲ್ ಓದಲು ಒಂದು ಸೆಕೆಂಡೂ ಹಿಡಿದಿರಲಿಲ್ಲ. ಪಟ್ಟಿ ತಯಾರಿಗೂ ಅಷ್ಟೇ. ಉಳಿದ ಹೊತ್ತೆಲ್ಲ ಡೇಟಾಬೇಸ್ ಕಮಿಟ್‌ನಲ್ಲಿ (ಬರೆದದ್ದನ್ನು ಡಿಸ್ಕಿನಲ್ಲಿ ಖಾಯಂ ಮಾಡುವ ಹಂತ) ಹೋಗಿತ್ತು, ಅದೂ ಫೈಲಿನಲ್ಲಿ ಎಷ್ಟು ಸಾಲಿದೆಯೋ ಅಷ್ಟು ಸಲ. ಕರೆಂಟ್ ಹೋದರೂ ಒಂದು ಸಾಲೂ ಕಳೆಯಬಾರದು ಅಂತ ಸಾಲಿಗೊಂದು ಕಮಿಟ್ ಇಟ್ಟಿದ್ದೆ.

ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ಇದೇ ಕೆಲಸ ಯಾಕೆ ಕಾಣಲಿಲ್ಲ? ದೂರದಿಂದಲೇ ಎಸ್‌ಎಸ್‌ಎಚ್ ಮೂಲಕ ಅಂಗಡಿಯ ಉಬುಂಟು ಮಷಿನ್ ಒಳಗೆ ಹೋಗಿ ಮೊದಲು ಟೈಮ್ ಕಮಾಂಡ್ ಹಚ್ಚಿದೆ. ರಿಯಲ್ (ಒಟ್ಟು ಕಳೆದ ಹೊತ್ತು) ತುಂಬಾ ದೊಡ್ಡದು, ಯೂಸರ್ ಮತ್ತು ಸಿಸ್ (ಸಿಪಿಯು ದುಡಿದ ಹೊತ್ತು) ಎರಡೂ ಸಣ್ಣವು. ಅಂದರೆ ಸಿಪಿಯು ದುಡಿಯುತ್ತಿಲ್ಲ, ಪ್ರೋಗ್ರಾಮ್ ಯಾವುದಕ್ಕೋ ಕಾಯುತ್ತ ಕೂತಿದೆ. ಆಮೇಲೆ ಎಸ್‌ಟ್ರೇಸ್. ಪ್ರೋಗ್ರಾಮ್ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಮಾಡುವ ಕರೆಗಳನ್ನು ತೋರಿಸುವ ಕಮಾಂಡ್ ಅದು. ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಎಸ್‌ಟ್ರೇಸ್‌ಗೆ ಬರೀ ಸಿ ಆಪ್ಷನ್ ಕೊಟ್ಟರೆ ಅದು ಕರ್ನಲ್ ಒಳಗೆ ಸಿಪಿಯು ದುಡಿದ ಹೊತ್ತನ್ನು ಮಾತ್ರ ಕೂಡಿಸುತ್ತದೆ, ಕಾದ ಹೊತ್ತು ಅದರಲ್ಲಿ ಬರುವುದಿಲ್ಲ. ಜೊತೆಗೆ ಡಬ್ಲ್ಯು ಆಪ್ಷನ್ ಕೊಟ್ಟರೆ ಕರೆ ಶುರುವಾಗಿ ಮುಗಿಯುವವರೆಗಿನ ಪೂರ್ತಿ ಹೊತ್ತು ಬರುತ್ತದೆ. ಹಾಗೆ ನೋಡಿದಾಗ ಪಟ್ಟಿಯ ತುದಿಯಲ್ಲಿ ಎಫ್‌ಡೇಟಾಸಿಂಕ್ ಕೂತಿತ್ತು. ಬರೆದದ್ದು ನಿಜವಾಗಿ ಡಿಸ್ಕಿಗೆ ಮುಟ್ಟುವವರೆಗೆ ಕಾಯುವ ಕರೆ ಅದು.

ಅಂಗಡಿಯಲ್ಲಿದ್ದದ್ದು ತಿರುಗುವ ಹಾರ್ಡ್ ಡಿಸ್ಕ್, ನಿಮಿಷಕ್ಕೆ 7200 ಸುತ್ತು. ಸೆಕೆಂಡಿಗೆ 120 ಸುತ್ತಾಯಿತು. ಒಂದು ಕಮಿಟ್ ಭದ್ರವಾಗಿ ಕೂರಲು ಸುಮಾರು ಎರಡು ಸುತ್ತು ಬೇಕು ಅಂತ ಇಟ್ಟುಕೊಂಡರೆ ಸೆಕೆಂಡಿಗೆ 60 ಕಮಿಟ್. 3000 ಸಾಲಿನ ಫೈಲಿಗೆ 50 ಸೆಕೆಂಡು. ಇದಕ್ಕೆ ರ‍್ಯಾಮ್ ಎಷ್ಟು ಹಾಕಿದರೂ ಪ್ರಯೋಜನವಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ಇದೆ, ಅದರಲ್ಲಿ ಏನೂ ತಿರುಗುವುದಿಲ್ಲ, ಹಾಗಾಗಿ ಅಲ್ಲಿ ಕಾಯುವ ಹೊತ್ತು ಕಣ್ಣಿಗೇ ಬೀಳುವುದಿಲ್ಲ.

ಇಡೀ ಫೈಲನ್ನು ಒಂದೇ ಟ್ರಾನ್ಸಾಕ್ಷನ್ ಮಾಡಿದೆ, ಅಂದರೆ ಎಲ್ಲ ಸಾಲುಗಳಿಗೂ ಸೇರಿ ಕೊನೆಗೆ ಒಂದೇ ಕಮಿಟ್. ನಡುವೆ ಕರೆಂಟ್ ಹೋದರೆ, ಮುಂದಿನ ಸಲ ತೆರೆದಾಗ ಎಸ್‌ಕ್ಯೂಲೈಟ್ ತಾನೇ ಹಿಂದಿನ ಸ್ಥಿತಿಗೆ ತರುತ್ತದೆ. ಮೂಲ ಫೈಲ್ ಹೇಗೂ ಅಲ್ಲೇ ಇರುತ್ತದೆ, ಮತ್ತೊಮ್ಮೆ ಕಮಾಂಡ್ ಹೊಡೆದರಾಯಿತು. ಡಿಸ್ಕಿಗೆ ಮುಟ್ಟುವವರೆಗೆ ಎಸ್‌ಕ್ಯೂಲೈಟನ್ನು ಕಾಯಿಸುವ ಸಿಂಕ್ರೊನಸ್ ಸೆಟ್ಟಿಂಗನ್ನೇ ಆಫ್ ಮಾಡಿದರೂ ವೇಗ ಸಿಗುತ್ತದೆ. ಆದರೆ ಆಗ ಕರೆಂಟ್ ಹೋದರೆ ಡೇಟಾಬೇಸೇ ಕೆಡಬಹುದು. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು, ಅಲ್ವಾ? ನಾನಂತೂ ಯಾರಿಗೂ ಆ ದಾರಿ ಹೇಳುವುದಿಲ್ಲ.

ಟ್ರೇಸ್ ಆಫ್ ಇದ್ದಾಗ ಅದರ ಭಾರ ಬೀಳಬಾರದು. ಟ್ರೇಸ್ ಸಾಲು ಬರೆಯುವ ಪೈಥಾನಿನ ಲಾಗರ್‌ಗೆ ಎಫ್-ಸ್ಟ್ರಿಂಗ್ (ಬೆಲೆಗಳನ್ನು ಒಳಗೇ ಸೇರಿಸಿ ಬರೆದ ವಾಕ್ಯ) ಕೊಟ್ಟರೆ ಬರೆಯಲಿ ಬಿಡಲಿ, ವಾಕ್ಯ ಮೊದಲೇ ಕಟ್ಟಿಬಿಡುತ್ತದೆ. ಸಾವಿರಾರು ಸಲ ತಿರುಗುವ ಲೂಪಿನಲ್ಲಿ ಅದು ದಂಡ. ಪರ್ಸೆಂಟ್-ಎಸ್ ರೂಪದಲ್ಲಿ ಬರೆದು ಬೆಲೆಗಳನ್ನು ಬೇರೆ ಕೊಟ್ಟರೆ, ಬೇಕಾದಾಗ ಮಾತ್ರ ವಾಕ್ಯ ಕಟ್ಟುತ್ತದೆ.

ಇನ್ನು ರೈತರ ಮಾಹಿತಿ. ಟ್ರೇಸ್ ಫೈಲ್ ನನಗೆ ಬರೋದು ವಾಟ್ಸಾಪ್‌ನಲ್ಲಿ. ಅದರಲ್ಲಿ ರೈತರ ಹೆಸರು, ಫೋನ್, ಬ್ಯಾಂಕ್ ಖಾತೆ ಇದ್ದರೆ ಅದು ಎಲ್ಲೆಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ಗಿಟ್ ಕೂಡ ನೆಟ್ ಸಂಪರ್ಕದ ವಿವರ ಬರೆಯುವ ಕರ್ಲ್ ಟ್ರೇಸ್‌ನಲ್ಲಿ ಆಥರೈಸೇಷನ್ ಹೆಡರ್ ಮತ್ತು ಕುಕಿಗಳ (ಲಾಗಿನ್ ಗುರುತುಗಳ) ಬೆಲೆಯನ್ನು ಮುಚ್ಚಿಯೇ ಬರೆಯುತ್ತದೆ, ಬೇಕೆಂದರೆ ನಾವೇ ಬಿಚ್ಚಬೇಕು. ನನ್ನ ಟ್ರೇಸ್‌ನಲ್ಲಿ ಬಿಚ್ಚುವ ಆಯ್ಕೆಯೂ ಇಲ್ಲ. ಸಾಲಿನ ನಂಬರ್, ಲಾಟ್ ನಂಬರ್ ಮಾತ್ರ ಇರುತ್ತವೆ. ಯಾವುದಾದರೂ ಸಾಲಿನಲ್ಲೇ ತೊಂದರೆ ಇದ್ದರೆ ನಾನು ನಂಬರ್ ಹೇಳುತ್ತೇನೆ, ಗುಮಾಸ್ತರು ಅಂಗಡಿಯ ಫೈಲಿನಲ್ಲೇ ತೆಗೆದು ನೋಡುತ್ತಾರೆ.