ಹಂಕರ್‌ನಲ್ಲಿ ಇನ್ನೊಂದು ರಾತ್ರಿ

ಲಡಾಖ್‌ನ ಮಾರ್ಖಾ ಕಣಿವೆಗೆ ಹನ್ನೊಂದು ದಿನದ ಟ್ರೆಕ್ ಅಂದಾಗ, ನನ್ನ ಹಾಗೆ ಟ್ರೆಕ್‌ಗೆ ಜನರನ್ನ ಕರೆದೊಯ್ಯೋ ಕಸುಬಿನ ಗೆಳೆಯರೆಲ್ಲ ತಲೆಯಾಡಿಸಿದ್ರು. "ಬೆಂಗಳೂರಿನವರಿಗೆ ಅಷ್ಟು ರಜೆ ಎಲ್ಲಿ ಸಿಗುತ್ತೆ ಮಾರಾಯಾ? ಒಂಬತ್ತಕ್ಕೆ ಮುಗಿಸು." ಈ ಸಲ ಎರಡು ತಂಡ ಹೋದವು, ಒಟ್ಟು ಹದಿನೇಳು ಜನ. ಹದಿನೇಳೂ ಜನ ಈ ದಾರಿಯ ಅತಿ ಎತ್ತರದ ಪಾಸ್ (ಬೆಟ್ಟ ದಾಟೋ ಜಾಗ) ಕೊಂಗ್ಮಾರು ಲಾ ದಾಟಿದ್ರು. ಅದಕ್ಕೇ ಬರೀತಿದ್ದೇನೆ.

ಮೊದಲ ವರ್ಷ ನಾನೂ ಒಂಬತ್ತಕ್ಕೇ ಮಾಡಿದ್ದೆ. ಲೇಹ್‌ನಲ್ಲಿ ಎರಡು ರಾತ್ರಿ, ಸ್ಕಿಯು, ಮಾರ್ಖಾ, ಹಂಕರ್, ಅಲ್ಲಿಂದ ಸೀದಾ ಪಾಸ್ ಕೆಳಗಿನ ಕ್ಯಾಂಪ್ ನಿಮಾಲಿಂಗ್. ಎಡವಟ್ಟು ಇರೋದೇ ಅಲ್ಲಿ: ಹಂಕರ್ 4,000 ಮೀಟರಿನ ಆಸುಪಾಸು, ನಿಮಾಲಿಂಗ್ 4,800ರ ಹತ್ತಿರ. ಒಂದೇ ದಿನ ಅಷ್ಟು ಏರಿ ಮಲಗಿದ್ರೆ ತೆಳು ಗಾಳಿಗೆ ದೇಹ ಒಗ್ಗದೆ ತಲೆ ಮಂಕಾಗಬಹುದು. ಆ ರಾತ್ರಿ ಒಬ್ಬ ಹುಡುಗ ಶೂ ದಾರ ಕಟ್ಟೋಕೆ ಕೂತ. ಎರಡು ತುದಿ ಕೈಯಲ್ಲಿ ಹಿಡಿದು ಸುಮ್ಮನೆ ನೋಡ್ತಾನೇ ಇದ್ದ. ಕುದುರೆಯ ಆಚೋ (ಅಲ್ಲಿ ಅಣ್ಣನಿಗೆ ಹಾಗಂತಾರೆ) ಬೆಳಗಿನವರೆಗೆ ಕಾಯೋಕೆ ಬಿಡಲಿಲ್ಲ. ಟಾರ್ಚ್ ಹಿಡಿದು ಹಂಕರ್‌ಗೆ ಇಳಿಸಿದೆವು. ಹುಡುಗ ಚೇತರಿಸಿಕೊಂಡ, ಕುದುರೆ, ಟ್ಯಾಕ್ಸಿ, ವಾಪಸ್ ಕೊಟ್ಟ ದುಡ್ಡು ಸೇರಿ ನನಗೆ ನಲವತ್ತು ಸಾವಿರದಷ್ಟು ಹೋಯ್ತು.

ಈಗ ಲೇಹ್‌ನಲ್ಲಿ ಮೂರು ರಾತ್ರಿ, ಹಂಕರ್‌ನಲ್ಲಿ ಎರಡು. ನಡುವಿನ ದಿನ ಖಾಲಿ ಬೆನ್ನಲ್ಲಿ ನಿಮಾಲಿಂಗ್ ದಾರಿಯ ತಚುಂಗ್ತ್ಸೆ ಕ್ಯಾಂಪ್‌ವರೆಗೆ ಹತ್ತಿಸಿ, ಒಂದು ಗಂಟೆ ಕೂರಿಸಿ, ಮಲಗೋಕೆ ಕೆಳಗೇ ಕರೆತರ್ತೇನೆ. ಒಂದು ಸಲ ತಚುಂಗ್ತ್ಸೆಯಲ್ಲೇ ಡೇರೆ ಹಾಕಿ ನೋಡಿದೆ. ಚಳಿಗೆ ಯಾರಿಗೂ ನಿದ್ದೆ ಬರಲಿಲ್ಲ, ಬಿಟ್ಟೆ. ಹೋಂಸ್ಟೇಯ ಒಲೆ ಪಕ್ಕದ ನಿದ್ದೆಗೆ ಸಾಟಿಯಿಲ್ಲ. ಒಂಬತ್ತು ಜನಕ್ಕೆ ಒಂದು ರಾತ್ರಿಯ ಊಟ-ವಸತಿ, ನಿಂತ ಕುದುರೆಗಳ ಬಾಡಿಗೆ ಎಲ್ಲ ಸೇರಿ ಹದಿನೆಂಟು-ಹತ್ತೊಂಬತ್ತು ಸಾವಿರ. ತಲೆಗೆ ಎರಡೂವರೆ ಸಾವಿರ ಏರಿಸಿದೆ, ಯಾರೂ ಚೌಕಾಸಿ ಮಾಡಲಿಲ್ಲ. ಆಗಸ್ಟ್ 15ರ ರಜೆಯೂ ಕೈಹಿಡೀತು.

ಆಕ್ಸಿಮೀಟರ್ ವಿಷಯ: ತಣ್ಣಗಿನ ಬೆರಳಿಗೆ ಹಾಕಿ ಗಾಬರಿಯಾಗಬೇಡಿ. ಒಬ್ಬರಿಗೆ ರಕ್ತದ ಆಮ್ಲಜನಕ ಶೇಕಡಾ 68 ತೋರಿಸ್ತು. ಕಂಕುಳಲ್ಲಿ ಬೆರಳು ಬೆಚ್ಚಗೆ ಮಾಡಿ ನೋಡಿದ್ರೆ 84. ನಾನು ನಂಬೋದು ಮಾತು, ನಡಿಗೆ, ಊಟ, ಈ ಮೂರನ್ನ.

ಊಟ ಅಂದಾಗ ನೆನಪಾಯ್ತು, ಈ ಸಲ ಮೂರು ಕೆಜಿ ರಾಗಿ ಹುರಿಹಿಟ್ಟು ಒಯ್ದಿದ್ದೆ. ಹಂಕರ್‌ನ ಅಮ್ಮ ಬೆರಳಲ್ಲಿ ಉಜ್ಜಿ, ಮೂಸಿ, ತಮ್ಮ ತ್ಸಂಪಾ (ಹುರಿದ ಬಾರ್ಲಿ ಹಿಟ್ಟು) ಡಬ್ಬ ತಂದು ಪಕ್ಕದಲ್ಲಿಟ್ಟರು. ಬಣ್ಣ ಬೇರೆ, ಹುರಿದ ಘಮ ಒಂದೇ. ಬೆಣ್ಣೆ ಚಹಾಕ್ಕೆ ಕಲಸಿದ್ದು ಯಾರಿಗೂ ಸೇರಲಿಲ್ಲ. ಬಿಸಿನೀರು-ಬೆಲ್ಲಕ್ಕೆ ಕಲಸಿದ್ದು ಮಾತ್ರ ಪಾಸ್ ದಿನ ಬೆಳಗಿನ ಜಾವ ಐದಕ್ಕೇ ಖಾಲಿ.

ಕೊನೆಯ ಏರಿನಲ್ಲಿ ಯಾರನ್ನು ಮುಂದೆ ಬಿಡ್ತೇನೆ, ಎಲ್ಲೆಲ್ಲಿ ನಿಲ್ಲಿಸ್ತೇನೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು. ಮುಂದಿನ ಜುಲೈಗೆ ಇನ್ನೊಂದು ಪಾಸ್ ಗಂಡಾ ಲಾ ಕಡೆಯಿಂದ ಕಣಿವೆಗೆ ಇಳಿಯೋ ಯೋಚನೆ ಇದೆ. ಅಲ್ಲಿ ಶುರುವಿನಲ್ಲೇ 4,900 ದಾಟಬೇಕು, ಲೇಹ್‌ನಲ್ಲಿ ಮೂರು ರಾತ್ರಿ ಸಾಲದು.