ಬೆಣ್ಣೆಹಣ್ಣಿನ ಎಲೆ ತುದಿ ಸುಟ್ಟಿದೆಯಾ? ಗೊಬ್ಬರಕ್ಕೆ ಮೊದಲು ನೀರು ನೋಡಿ
ಎಲೆಯ ತುದಿ ಕಂದಾಯಿತು ಎಂದರೆ ಹಲವರು ಇನ್ನೊಂದು ಹಿಡಿ ಗೊಬ್ಬರ ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಣ್ಣೆಹಣ್ಣು, ಅಂದರೆ ಅವಕಾಡೊ, ಉಪ್ಪನ್ನು ಸ್ವಲ್ಪವೂ ಸಹಿಸದ ಮರ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಳೆಯೇ ಉಪ್ಪನ್ನು ತೊಳೆದುಬಿಡುತ್ತದೆ. ಬಯಲುಸೀಮೆಯಲ್ಲಿ ಉಪ್ಪಿನಂಶದ ಬೋರ್‌ವೆಲ್ ನೀರು ನಂಬಿ ನೆಟ್ಟ ಗಿಡಕ್ಕೆ ಆ ಭಾಗ್ಯವಿಲ್ಲ.

ಮೊದಲು ಎಲೆ ನೋಡಿ. ಉಪ್ಪಿನಲ್ಲಿರುವ ಕ್ಲೋರೈಡ್ ಜಾಸ್ತಿಯಾದರೆ ಹಳೆಯ ಎಲೆಗಳ ತುದಿ ಮೊದಲು ಸುಡುತ್ತದೆ. ಆಮೇಲೆ ಅಂಚಿನುದ್ದಕ್ಕೂ ಹರಡಿ, ಎಲೆ ಬೇಗ ಉದುರುತ್ತದೆ. ಬೋಳಾದ ಮರ ಹೂ ಬಿಟ್ಟರೂ ಕಾಯಿ ನಿಲ್ಲುವುದು ಕಷ್ಟ. ಇದರ ಬೇರುಗಳು ಹೆಚ್ಚಾಗಿ ಮೇಲಿನ ಒಂದಡಿ ಮಣ್ಣಿನಲ್ಲೇ ಇರುತ್ತವೆ. ಉಪ್ಪು ಕೂಡಿಕೊಂಡರೆ, ಮಣ್ಣು ಒದ್ದೆಯಿದ್ದರೂ ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ.

ಮುಂದಿನದು ನೀರಿನ ಪರೀಕ್ಷೆ. ಅರ್ಧ ಗಂಟೆ ಮೋಟಾರ್ ಓಡಿಸಿ, ಅದೇ ನೀರಿನಲ್ಲಿ ತೊಳೆದ ಬಾಟಲಿಯಲ್ಲಿ 1 ಲೀಟರ್ ಹಿಡಿದು ಪ್ರಯೋಗಾಲಯಕ್ಕೆ ಕೊಡಿ. ಇ.ಸಿ. (ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ) ಮೀಟರಿಗೆ 0.75 ಡೆಸಿಸೀಮನ್ಸ್ ಒಳಗೆ, ಕ್ಲೋರೈಡ್ ಲೀಟರಿಗೆ 100 ಮಿಲಿಗ್ರಾಂ ಒಳಗೆ ಇದ್ದರೆ ನೆಮ್ಮದಿ. ಜಾಸ್ತಿ ಬಂದರೆ ಕೃಷಿ ಹೊಂಡದ ಮಳೆನೀರು ಬೆರೆಸಿ ಕೊಡಿ. ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಅಂಗಡಿಯಲ್ಲಿ ಸಿಗುವ ಎಂಒಪಿ ಪೊಟ್ಯಾಷ್ (ಪೊಟ್ಯಾಸಿಯಂ ಕ್ಲೋರೈಡ್ ಗೊಬ್ಬರ) ನಿಲ್ಲಿಸಿ. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರೈಡೇ! ಬದಲಿಗೆ ಎಸ್‌ಒಪಿ, ಅಂದರೆ ಪೊಟ್ಯಾಸಿಯಂ ಸಲ್ಫೇಟ್ ಕೊಡಿ. ದುಬಾರಿ ನಿಜ, ಆದರೆ ಮರ ಉಳಿಯಬೇಕಲ್ವಾ?

ಈಗ ಉಪ್ಪನ್ನು ಕೆಳಗಿಳಿಸುವ ಕೆಲಸ. ದಿನಾ ಚೂರು ಚೂರು ನೀರು ಬಿಟ್ಟರೆ ಉಪ್ಪು ಬೇರಿನ ಸುತ್ತಲೇ ಕೂರುತ್ತದೆ. ಮರಕ್ಕೆ ಬೇಕಾದ್ದಕ್ಕಿಂತ ನೂರಕ್ಕೆ 10ರಿಂದ 20ರಷ್ಟು ಜಾಸ್ತಿ ನೀರು ಕೊಟ್ಟರೆ ಉಪ್ಪು ಬೇರು ದಾಟಿ ಕೆಳಗಿಳಿಯುತ್ತದೆ. ನೀರು ಬಸಿಯುವ ಮಣ್ಣಿದ್ದರೆ ಮಾತ್ರ ಈ ಕೆಲಸಕ್ಕೆ ಕೈಹಾಕಿ. ನೀರು ನಿಂತರೆ ಬೇರು ಕೊಳೆಯುತ್ತದೆ, ಅದು ಉಪ್ಪಿಗಿಂತ ಬೇಗ ಮರವನ್ನು ಕೊಲ್ಲುತ್ತದೆ. ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ: ಮೊದಲ ಸಣ್ಣ ಮಳೆ ಬಂದಾಗ ಡ್ರಿಪ್ ನಿಲ್ಲಿಸಬೇಡಿ. ಹನಿ ನೀರಿನ ಅಂಚಿನಲ್ಲಿ ಕೂತ ಉಪ್ಪನ್ನು ಆ ತುಂತುರು ಮತ್ತೆ ಬೇರಿನ ಕಡೆಗೇ ತಳ್ಳುತ್ತದೆ.

ಬುಡಕ್ಕೆ ತರಗೆಲೆ ದಪ್ಪಗೆ ಹಾಸಿ, ಕಾಂಡಕ್ಕೆ ತಾಗಿಸಬೇಡಿ. ಸೋಡಿಯಂ ಜಾಸ್ತಿ ಇದೆ ಎಂದು ವರದಿ ಹೇಳಿದರೆ ಮಾತ್ರ ಜಿಪ್ಸಂ.

ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಮುಂದೆ ಬರುವ ಚಿಗುರು ಬಲಿತಾಗ ತುದಿ ಹೇಗಿದೆ ಎಂದು ನೋಡಿ. ಹೊಸದಾಗಿ ನೆಡುವವರು ಕಸಿಯ ಕೆಳಗಿರುವ ಬೇರುಸಸಿ ಯಾವುದೆಂದು ನರ್ಸರಿಯಲ್ಲಿ ಕೇಳಿ. ಬೆಣ್ಣೆಹಣ್ಣಿನ ವೆಸ್ಟ್ ಇಂಡಿಯನ್ ತಳಿಗುಂಪಿನದು ಉಪ್ಪನ್ನು ಹೆಚ್ಚು ತಡೆಯುತ್ತದೆ, ಮೆಕ್ಸಿಕನ್ ಗುಂಪಿನದು ಎಲ್ಲಕ್ಕಿಂತ ಕಡಿಮೆ.