ಪಿಕಪ್ ಟ್ರಕ್ಕಿನ ಬೆಡ್ ಬಿಚ್ಚುವುದು ಹೇಗೆ? ಹೆಚ್ಚು ಬಾಳುವುದು ಉಕ್ಕೋ, ಕಾಂಪೋಸಿಟ್ಟೋ?

ಅಮೆರಿಕದ ಮಿಷಿಗನ್, ಓಹಾಯೋ, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಚಕ್ರಗಳು ಎರಚುವ ಆ ಉಪ್ಪುನೀರು ವಾಹನದ ಅಡಿಭಾಗಕ್ಕೆಲ್ಲ ಮೆತ್ತಿಕೊಂಡು, ಕೆಸರಿನ ಜೊತೆ ಸಂದುಗೊಂದುಗಳಲ್ಲಿ ಕೂತುಬಿಡುತ್ತದೆ. ಪಿಕಪ್ ಟ್ರಕ್ಕಿಗೆ ಇದರಿಂದ ಎಷ್ಟು ಹಾನಿಯಾಗಿದೆ ಎಂಬುದು ಮೇಲಿನಿಂದ ನೋಡಿದವರಿಗೆ ತಿಳಿಯುವುದಿಲ್ಲ. ಸರಕು ತುಂಬುವ ಹಿಂಭಾಗವನ್ನು, ಅಂದರೆ ಬೆಡ್ಡನ್ನು, ಚಾಸಿಯಿಂದ ಎತ್ತಿ ಪಕ್ಕಕ್ಕಿಟ್ಟಾಗಲೇ ನಿಜ ಸ್ಥಿತಿ ಕಣ್ಣಿಗೆ ಬೀಳುತ್ತದೆ. ಚಾಸಿಯ ತುಕ್ಕು ಕೆರೆದು ಬಣ್ಣ ಬಳಿಯಲು, ಟ್ಯಾಂಕಿನ ಮೇಲ್ಭಾಗದಲ್ಲಿರುವ ಇಂಧನ ಪಂಪ್ ಬದಲಿಸಲು, ತುಕ್ಕು ತಿಂದ ಬ್ರೇಕ್ ಪೈಪುಗಳನ್ನು ಹೊಸದಾಗಿ ಎಳೆಯಲು ಬೆಡ್ ತೆಗೆಯುವುದೇ ಸುಲಭದ ದಾರಿ. ಗ್ಯಾರೇಜಿನ ಕೂಲಿ ದುಬಾರಿಯಾಗಿರುವ ಆ ದೇಶದಲ್ಲಿ ಬಹಳ ಜನ ಈ ಕೆಲಸವನ್ನು ಮನೆಯಂಗಳದಲ್ಲೇ ಮಾಡಿಕೊಳ್ಳುತ್ತಾರೆ.

ಮೊದಲು ನಿಮ್ಮ ಟ್ರಕ್ಕಿನ ಬೆಡ್ ಬಿಚ್ಚಲು ಬರುವಂಥದ್ದೇ ಎಂದು ಖಚಿತಪಡಿಸಿಕೊಳ್ಳಿ. ಫೋರ್ಡ್ ಎಫ್-150, ಶೆವರ್ಲೆ ಸಿಲ್ವರಾಡೊ, ಟೊಯೊಟಾ ಟಕೋಮಾ ಮುಂತಾದವುಗಳಲ್ಲಿ ಕ್ಯಾಬಿನ್ ಬೇರೆ, ಬೆಡ್ ಬೇರೆ. ಎರಡನ್ನೂ ಪ್ರತ್ಯೇಕವಾಗಿ ಚಾಸಿಯ ಮೇಲೆ ಕೂರಿಸಿರುತ್ತಾರೆ. ಆದರೆ ಹೋಂಡಾ ರಿಡ್ಜ್‌ಲೈನ್ ಕಾರಿನಂತೆ ಇಡೀ ದೇಹ ಒಂದೇ ಆಗಿರುವ ವಾಹನ. ಅದರ ಬೆಡ್ಡನ್ನು ಹೀಗೆ ಎತ್ತಿ ತೆಗೆಯಲು ಸಾಧ್ಯವಿಲ್ಲ.

ಬಿಚ್ಚುವ ಕ್ರಮ

ಕೆಲಸ ಶುರುವಾಗುವುದು ಹಿಂದಿನ ದಿನವೇ. ಬೆಡ್ಡನ್ನು ಚಾಸಿಗೆ ಬಿಗಿದ ಬೋಲ್ಟುಗಳು, ಬೆಡ್ಡಿನ ಉದ್ದವನ್ನು ಅವಲಂಬಿಸಿ, ಸಾಮಾನ್ಯವಾಗಿ ಆರು ಅಥವಾ ಎಂಟು ಇರುತ್ತವೆ. ಅವುಗಳ ತಲೆ ಬೆಡ್ಡಿನ ನೆಲದ ತಗ್ಗುಗಳಲ್ಲಿ ಕಾಣುತ್ತದೆ. ಅಲ್ಲಿ ತುಂಬಿರುವ ಮಣ್ಣನ್ನು ಮೊಳೆಯಿಂದ ಕೆದಕಿ, ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆಯನ್ನು ಕೆಳಗಿನಿಂದ ಥ್ರೆಡ್ ಕಾಣುವ ಕಡೆಗೆ ಧಾರಾಳವಾಗಿ ಸಿಂಪಡಿಸಿ ರಾತ್ರಿಯಿಡೀ ನೆನೆಯಲು ಬಿಡಿ. ಮೇಲಿನಿಂದ ಬರೀ ಬೋಲ್ಟಿನ ತಲೆಗೆ ಎಣ್ಣೆ ಹಾಕಿದರೆ ಪ್ರಯೋಜನವಿಲ್ಲ, ಏಕೆಂದರೆ ತುಕ್ಕು ಕಚ್ಚಿಕೊಂಡಿರುವುದು ತಲೆಯಲ್ಲಲ್ಲ, ನಟ್ಟಿನೊಳಗೆ.

ಮರುದಿನ ಟ್ರಕ್ಕನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಟ್ಯಾಂಕಿನಲ್ಲಿ ಇಂಧನ ಕಡಿಮೆಯಿದ್ದಷ್ಟೂ ಒಳ್ಳೆಯದು. ಹತ್ತಿರದಲ್ಲಿ ಬೆಂಕಿ, ಸಿಗರೇಟು, ಗ್ರೈಂಡರ್ ಯಾವುದೂ ಇರಬಾರದು.

ಆಮೇಲೆ ಹಿಂಬಾಗಿಲನ್ನು ತೆಗೆಯಿರಿ. ಅದರಲ್ಲಿ ಕ್ಯಾಮೆರಾ ಇದ್ದರೆ ಮೊದಲು ಅದರ ವೈರಿನ ಕನೆಕ್ಟರ್ ಬಿಡಿಸಿ, ಎರಡೂ ಬದಿಯ ಕೇಬಲ್ ಕಳಚಿ, ಬಾಗಿಲನ್ನು ಅರ್ಧ ಎತ್ತಿದ ಸ್ಥಿತಿಗೆ ತಂದು ಒಂದು ಬದಿಯನ್ನು ತಿರುಗಣಿಯಿಂದ ಮೇಲಕ್ಕೆ ಜಾರಿಸಿದರೆ ಇನ್ನೊಂದು ಬದಿ ತಾನಾಗಿ ಹೊರಬರುತ್ತದೆ. ಹಿಂದಿನ ದೀಪಗಳು, ಬೆಡ್ಡಿಗೆ ಹೊಂದಿಸಿದ ಟ್ರೇಲರ್ ಪ್ಲಗ್, ನಂಬರ್ ಪ್ಲೇಟಿನ ದೀಪ, ಇವುಗಳ ವೈರುಗಳನ್ನೂ ಬಿಡಿಸಿ. ಪ್ರತಿಯೊಂದಕ್ಕೂ ಟೇಪಿನ ಗುರುತು ಹಾಕಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಮರುಜೋಡಣೆಯ ಹೊತ್ತಿಗೆ ತಲೆಬಿಸಿ ಇರುವುದಿಲ್ಲ.

ಅವಸರದಲ್ಲಿ ಹೆಚ್ಚಿನವರು ಮರೆಯುವುದು ಇಂಧನ ತುಂಬುವ ಕೊಳವೆಯನ್ನು. ಇಂಧನ ಮುಚ್ಚಳದ ಸುತ್ತ ಮೂರು ನಾಲ್ಕು ಚಿಕ್ಕ ಸ್ಕ್ರೂಗಳು ಕೊಳವೆಯ ಬಾಯನ್ನು ಬೆಡ್ಡಿನ ಪಕ್ಕಕ್ಕೆ ಹಿಡಿದಿರುತ್ತವೆ. ಅವನ್ನು ಬಿಚ್ಚದೆ ಬೆಡ್ ಎತ್ತಿದರೆ ಕೊಳವೆ ಹರಿಯುತ್ತದೆ. ಕೊಳವೆಯಿಂದ ಬೆಡ್ಡಿಗೋ ಚಾಸಿಗೋ ಹೋಗುವ ಸಣ್ಣ ಅರ್ಥಿಂಗ್ ತಂತಿಯೊಂದು ಇರಬಹುದು. ಇಂಧನ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತನ್ನು ಹೊರಗೆ ಸಾಗಿಸುವ ತಂತಿ ಅದು. ಸಡಿಲಿಸಿದ ಜಾಗದಲ್ಲೇ ಅದು ಮತ್ತೆ ಬಿಗಿಯಾಗಿ ಕೂರಬೇಕು. ಮುಚ್ಚಳವನ್ನು ಕೊಳವೆಗೆ ಹಾಕಿಯೇ ಇಡಿ, ಇಲ್ಲದಿದ್ದರೆ ತುಕ್ಕಿನ ಪುಡಿ ಒಳಗೆ ಬೀಳುತ್ತದೆ.

ಈಗ ಬೋಲ್ಟುಗಳ ಸರದಿ. ಕೆಲವು ಟ್ರಕ್ಕುಗಳಲ್ಲಿ ಷಟ್ಕೋನದ ತಲೆ, ಕೆಲವುಗಳಲ್ಲಿ ನಕ್ಷತ್ರದಾಕಾರದ ಟಾರ್ಕ್ಸ್ ಗುಳಿ ಇರುತ್ತದೆ. ಟಾರ್ಕ್ಸ್ ಆಗಿದ್ದರೆ ಗುಳಿಯನ್ನು ಪೂರ್ತಿ ಸ್ವಚ್ಛ ಮಾಡಿ, ಸರಿಯಾದ ಅಳತೆಯ ಬಿಟ್ಟನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಿ, ಉದ್ದನೆಯ ಹಿಡಿಯಿಂದ ಒಂದೇ ಸಮನಾದ ಬಲ ಹಾಕಬೇಕು. ಅಂಚು ಒಮ್ಮೆ ಸವೆದು ದುಂಡಗಾದರೆ ಆ ಬೋಲ್ಟನ್ನು ಕೊರೆದು ತೆಗೆಯದೆ ಬೇರೆ ದಾರಿಯಿಲ್ಲ. ಬೋಲ್ಟು ತಿರುಗುತ್ತಿದ್ದರೂ ಮೇಲೆ ಬರುತ್ತಿಲ್ಲವೆಂದರೆ ಕೆಳಗೆ ಚಾಸಿಯ ಕ್ಲಿಪ್ಪಿನಲ್ಲಿರುವ ನಟ್ಟೂ ಅದರ ಜೊತೆಗೇ ಸುತ್ತುತ್ತಿದೆ ಎಂದರ್ಥ. ಇನ್ನೊಬ್ಬರು ಕೆಳಗಿನಿಂದ ಅದನ್ನು ಸ್ಪ್ಯಾನರ್‌ನಲ್ಲಿ ಹಿಡಿಯಬೇಕು. ಗ್ಯಾಸ್ ಟಾರ್ಚಿನಿಂದ ಕಾಯಿಸುವ ಯೋಚನೆ ಬೇಡ. ಇಂಧನ ಟ್ಯಾಂಕ್ ಪಕ್ಕದಲ್ಲೇ ಇರುತ್ತದೆ, ಮೇಲಾಗಿ ಎಳೆಗಳನ್ನು ರಾಳದಲ್ಲಿ ಬೆರೆಸಿ ಮಾಡಿದ ಕಾಂಪೋಸಿಟ್ ಬೆಡ್ಡಾದರೆ ಅದರ ರಾಳವೂ ಸುಡುತ್ತದೆ.

ಎತ್ತುವುದಕ್ಕೆ ಮೂಲೆಗೊಬ್ಬರಂತೆ ಕನಿಷ್ಠ ನಾಲ್ಕು ಜನ ಬೇಕು. ಹಿಂಬಾಗಿಲು ತೆಗೆದ ಮೇಲೂ ಉಕ್ಕಿನ ಬೆಡ್ ನೂರು ಕಿಲೋ ಮೀರುವುದುಂಟು. ಜನ ಸಿಗದಿದ್ದರೆ ಎಂಜಿನ್ ಎತ್ತುವ ಹಾಯ್ಸ್ಟ್ ಬಾಡಿಗೆಗೆ ತಂದು, ಬೆಡ್ಡಿನ ಅಡ್ಡಕ್ಕೆ ಎರಡು ಗಟ್ಟಿ ಮರದ ದಿಮ್ಮಿಗಳನ್ನು ಕೊಟ್ಟು, ಪಟ್ಟಿ ಬಿಗಿದು ಎತ್ತಬಹುದು. ಮೊದಲು ಒಂದಂಗುಲದಷ್ಟು ಮಾತ್ರ ಎತ್ತಿ, ಸುತ್ತ ಒಮ್ಮೆ ಬಂದು ಎಲ್ಲಿಯಾದರೂ ವೈರೋ ಕೊಳವೆಯೋ ಸಿಕ್ಕಿಕೊಂಡಿದೆಯೇ ನೋಡಿ, ಆಮೇಲೆ ಹಿಂದಕ್ಕೆ ಸರಿಸಿ. ಇಂಧನ ಪಂಪಿನ ಕೆಲಸವಷ್ಟೇ ಇದ್ದರೆ ಒಂದು ಬದಿಯ ಬೋಲ್ಟು ತೆಗೆದು, ಇನ್ನೊಂದು ಬದಿಯದನ್ನು ಸಡಿಲಿಸಿ, ಬೆಡ್ಡನ್ನು ಓರೆಯಾಗಿ ಎತ್ತಿ ಗೂಟ ಕೊಡುವ ಪದ್ಧತಿಯೂ ಇದೆ. ಉಕ್ಕು ಆ ತಿರುಚುವಿಕೆಯನ್ನು ಸಹಿಸಿಕೊಳ್ಳುತ್ತದೆ. ಕಾಂಪೋಸಿಟ್ ಬೆಡ್ಡಿಗೆ ಆ ಅಡ್ಡದಾರಿ ನನಗೆ ಸರಿಕಾಣುವುದಿಲ್ಲ.

ಬೆಡ್ಡಿನ ಅಡಿಯಲ್ಲಿ ಕಾಣುವ ಸತ್ಯ

ಉಕ್ಕಿನ ಬೆಡ್ ಸಾಯುವುದು ಮೇಲ್ಮೈಯಿಂದಲ್ಲ. ನೆಲದ ತಗಡಿಗೆ ಕೆಳಗಿನಿಂದ ಬೆಸೆದ ಅಡ್ಡಪಟ್ಟಿಗಳ ಸಂದಿನಲ್ಲಿ, ಚಕ್ರದ ಕಮಾನಿನಲ್ಲಿ ಎರಡು ತಗಡು ಮಡಿಚಿ ಕೂಡುವ ಅಂಚಿನಲ್ಲಿ ನೀರು ನಿಂತು, ಅಲ್ಲಿಂದ ತುಕ್ಕು ಹೊರಗೆ ಹಬ್ಬುತ್ತದೆ. ಹೊರಗಿನ ಬಣ್ಣ ಗುಳ್ಳೆ ಏಳುವ ಹೊತ್ತಿಗೆ ಒಳಗಿನ ತಗಡು ಹಪ್ಪಳವಾಗಿರುತ್ತದೆ. ಆದರೂ ಉಕ್ಕಿಗೊಂದು ದೊಡ್ಡ ಗುಣವಿದೆ: ಬಿದ್ದ ಕಲ್ಲಿಗೆ ಅದು ತಗ್ಗಾಗುತ್ತದೆಯೇ ಹೊರತು ಒಡೆಯುವುದಿಲ್ಲ. ತಗ್ಗನ್ನು ಟಿಂಕರಿಂಗ್ ಮಾಡಿ ಎತ್ತಬಹುದು, ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬಹುದು, ಮತ್ತು ಈ ಕೆಲಸ ಬಲ್ಲವರು ಎಲ್ಲ ಊರಿನಲ್ಲೂ ಸಿಗುತ್ತಾರೆ.

ಕಾಂಪೋಸಿಟ್ ಎಂದರೆ ಬರೀ ಪ್ಲಾಸ್ಟಿಕ್ ಅಲ್ಲ. ಹೆಚ್ಚಿನ ಬೆಡ್ಡುಗಳಲ್ಲಿ ಗಾಜಿನ ಎಳೆಗಳನ್ನು ರಾಳದಲ್ಲಿ ಬೆರೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ತಯಾರಿಸುತ್ತಾರೆ. ಶೆವರ್ಲೆ 2001ರಲ್ಲೇ ಸಿಲ್ವರಾಡೊಗೆ ಪ್ರೊ-ಟೆಕ್ ಎಂಬ ಕಾಂಪೋಸಿಟ್ ಬೆಡ್ಡನ್ನು ಆಯ್ಕೆಯಾಗಿ ಕೊಟ್ಟು, ಕೊಳ್ಳುವವರಿಲ್ಲದೆ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಟಕೋಮಾಕ್ಕೆ 2005ರ ಮಾದರಿಯಿಂದ ಕಾಂಪೋಸಿಟ್ ಒಳಬೆಡ್ ಬಂತು. ಹೊರಗಿನ ಪಕ್ಕದ ತಗಡು ಉಕ್ಕಿನದೇ ಆಗಿ ಉಳಿಯಿತು. ಜಿಎಂಸಿ ಸಿಯೆರಾದ 2019ರ ಮಾದರಿಗೆ ಕಾರ್ಬನ್ ಎಳೆಯ ಬೆಡ್ ಬಂದರೆ, 2022ರ ಟೊಯೊಟಾ ಟಂಡ್ರಾದಲ್ಲಿ ಅಲ್ಯೂಮಿನಿಯಂ ಆಧಾರವಿರುವ ಕಾಂಪೋಸಿಟ್ ಬೆಡ್ ಬಂತು.

ಇವುಗಳಿಗೆ ತುಕ್ಕು ಹಿಡಿಯುವ ಮಾತೇ ಇಲ್ಲ. ಗೀರು ಬಿದ್ದರೂ ಒಳಗೂ ಅದೇ ಬಣ್ಣ. ಗೊಬ್ಬರ, ಉಪ್ಪು, ಒದ್ದೆ ಮಣ್ಣು ಹೊರುವವರಿಗೆ ಇದು ಸಣ್ಣ ಅನುಕೂಲವಲ್ಲ. ಮಲ್ಪೆ, ಮಂಗಳೂರಿನ ಬಂದರುಗಳಿಂದ ಮಂಜುಗಡ್ಡೆ ಹಾಕಿದ ಮೀನು ಸಾಗಿಸುವ ಪಿಕಪ್‌ಗಳ ಬಾಡಿ ಉಪ್ಪುನೀರಿಗೆ ಏನಾಗುತ್ತದೆ ಎಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವರ್ಷಗಟ್ಟಲೆ ಬಿಸಿಲು ಬಿದ್ದರೆ ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗಿ ಒರಟಾಗುತ್ತದೆ. ಮಿತಿ ಮೀರಿದ ಪೆಟ್ಟು ಒಂದೇ ಕಡೆ ಬಿದ್ದರೆ ಅದು ತಗ್ಗಾಗದೆ ಬಿರುಕು ಬಿಡುತ್ತದೆ. ಬಿರುಕನ್ನು ಫೈಬರ್‌ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿಯಿಂದ ಮುಚ್ಚಬಹುದು, ಆದರೆ ಅಡಿಭಾಗವನ್ನೂ ಉಜ್ಜಿ ಪಟ್ಟಿ ಹಾಕದಿದ್ದರೆ ಆ ರಿಪೇರಿ ನಿಲ್ಲುವುದಿಲ್ಲ. ಆದ್ದರಿಂದ ಬೆಡ್ ಕೆಳಗಿಳಿಸಿದಾಗ ಬೋಲ್ಟಿನ ತೂತುಗಳ ಸುತ್ತಲನ್ನೂ ಹಿಂಬಾಗಿಲಿನ ಎರಡು ಮೂಲೆಗಳನ್ನೂ ಟಾರ್ಚು ಹಿಡಿದು ಪರೀಕ್ಷಿಸಿ. ಕೂದಲೆಳೆಯ ಬಿರುಕು ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಜಾಹೀರಾತುಗಳನ್ನು ನೋಡಿ ಬೆಡ್ಡಿನ ಬಾಳಿಕೆ ಅಳೆಯುವುದು ಬೇಡ. 2016ರಲ್ಲಿ ಶೆವರ್ಲೆ ತನ್ನ ಉಕ್ಕಿನ ಬೆಡ್ಡಿಗೂ ಫೋರ್ಡಿನ ಅಲ್ಯೂಮಿನಿಯಂ ಬೆಡ್ಡಿಗೂ 825 ಪೌಂಡ್ ಕಾಂಕ್ರೀಟ್ ಇಟ್ಟಿಗೆ ಸುರಿದು, ಫೋರ್ಡಿನದು ತೂತಾದುದನ್ನು ತೋರಿಸಿತು. ಪೆಟ್ಟಿನ ಮಟ್ಟಿಗೆ ಅದು ಸರಿಯೇ. ಹತ್ತು ಚಳಿಗಾಲದ ಉಪ್ಪು ಏನು ಮಾಡುತ್ತದೆಂದು ತೋರಿಸಲು ಅಂಥ ಜಾಹೀರಾತು ಚಿತ್ರದಲ್ಲಿ ಜಾಗವಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಬೆಡ್ಡಿಗೆ ತುಕ್ಕಿಲ್ಲವೆಂಬ ಧೈರ್ಯದಲ್ಲಿ ಚಾಸಿಯನ್ನು ಮರೆಯುವ ಅಪಾಯ. 2005ರಿಂದ 2010ರವರೆಗಿನ ಟಕೋಮಾಗಳ ಬೆಡ್ ಕಾಂಪೋಸಿಟ್ ಆಗಿತ್ತು, ಆದರೆ ಅವುಗಳ ಉಕ್ಕಿನ ಚಾಸಿಯೇ ತುಕ್ಕು ಹಿಡಿದು ಮೊಕದ್ದಮೆಗೆ ಕಾರಣವಾಯಿತು. ಕೆಲವು ಟಂಡ್ರಾ ಮತ್ತು ಸೆಕೋಯಾ (ಟೊಯೊಟಾದ ಎಸ್‌ಯುವಿ) ವಾಹನಗಳೂ ಸೇರಿ ಸುಮಾರು 15 ಲಕ್ಷ ವಾಹನಗಳಿಗೆ ಸಂಬಂಧಿಸಿದ ರಾಜಿಗೆ ಟೊಯೊಟಾ 2016ರಲ್ಲಿ ಒಪ್ಪಿತು. ಹಳೆಯ ಟಕೋಮಾ ಕೊಳ್ಳುವವರು ಹೊಳೆಯುವ ಬೆಡ್ಡಿಗೆ ಮರುಳಾಗದೆ, ಚಾಸಿಯ ಒಳಬದಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಬೇಕು. ಗಟ್ಟಿ ಉಕ್ಕು ಖಣಿ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡಿ ಪದರು ಉದುರಿಸುತ್ತದೆ.

ಮರಳಿ ಕೂರಿಸುವುದು ತೆಗೆದ ಕ್ರಮಕ್ಕೆ ತಿರುಗುಮುರುಗು. ಬೋಲ್ಟುಗಳ ಥ್ರೆಡ್ಡಿಗೆ ತುಕ್ಕು ಕಚ್ಚಿಕೊಳ್ಳದಂತೆ ತಡೆಯುವ ಆಂಟಿಸೀಜ್ ಲೇಪ ಸವರಿ, ಎಲ್ಲವನ್ನೂ ಕೈಯಿಂದಲೇ ಹಿಡಿಸಿ, ಕ್ಯಾಬಿನ್ನಿಗೂ ಬೆಡ್ಡಿಗೂ ನಡುವಿನ ಸಂದು ಎರಡೂ ಬದಿ ಸಮವಾಗಿದೆಯೇ ನೋಡಿಕೊಂಡು, ಬಳಿಕ ಮೂಲೆಯಿಂದ ಎದುರು ಮೂಲೆಗೆ ಹಂತ ಹಂತವಾಗಿ ಬಿಗಿಯಿರಿ. ಕಾಂಪೋಸಿಟ್ ಬೆಡ್ಡಿನ ತೂತುಗಳಲ್ಲಿ ಲೋಹದ ಬುಷ್ ಅಥವಾ ಅಗಲದ ವಾಷರ್ ಇದ್ದರೆ ಅವು ಒಂದೂ ಬಿಟ್ಟುಹೋಗಬಾರದು. ಇಂಪ್ಯಾಕ್ಟ್ ಗನ್ ಬದಿಗಿಟ್ಟು, ತಯಾರಕರ ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಹೊಂದಿಸಿದ ಟಾರ್ಕ್ ರೆಂಚನ್ನೇ ಬಳಸಿ. ಕೊನೆಗೆ ಬ್ಯಾಟರಿ ಜೋಡಿಸಿ, ಹಿಂದಿನ ದೀಪ, ಇಂಡಿಕೇಟರ್, ಬ್ರೇಕ್ ಲೈಟುಗಳನ್ನು ಪರೀಕ್ಷಿಸಿ, ಸ್ವಲ್ಪ ದೂರ ಓಡಿಸಿ ಬಂದ ಮೇಲೆ ಬೋಲ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡಿ.